ಕೊಂಬಣ್ಣನ ಮೂವತ್ತು ಪೊಟರೆಗಳು

ಮಕ್ಕಳೇ, ಮರದಲ್ಲಿ ದುಂಡನೆಯ ತೂತು ಕಂಡರೆ ಕೈ ಹಾಕಬೇಡಿ. ಅದು ತೂತಲ್ಲ, ಯಾರದೋ ಮನೆಯ ಬಾಗಿಲು. ನಿಮ್ಮ ಮನೆಯ ಬಾಗಿಲಿನಿಂದ ಯಾರೋ ಒಂದು ದೊಡ್ಡ ಕೈ ತೂರಿಸಿ ತಡಕಾಡಿದರೆ ನಿಮಗೆ ಹೇಗಾದೀತು, ಯೋಚಿಸಿ. ಯೋಚಿಸಿದಿರಾ? ಸರಿ, ಈಗ ಕತೆಗೆ ಬರೋಣ.

ಒಂದು ಕೆರೆ, ಕೆರೆ ಏರಿಯ ಹಿಂದೆ ಒಂದು ಹಳೆಯ ತೋಪು. ಅಲ್ಲಿ ಮತ್ತಿ, ಹಿಪ್ಪೆ, ಮಾವು, ಬೂರುಗದ ಮರಗಳಿದ್ದವು. ಆ ಮರಗಳ ಪೊಟರೆಗಳಲ್ಲಿ ಗಿಳಿಗಳು, ಗೊರವಂಕಗಳು, ಹಾಲಕ್ಕಿಗಳು, ಅಳಿಲುಗಳು, ಮಂಗಟ್ಟೆಗಳು ಸಂಸಾರ ಮಾಡಿಕೊಂಡಿದ್ದವು. ಜಗಳ ಇರಲಿಲ್ಲ ಎಂದು ನಾನು ಹೇಳಲಾರೆ. ಗಿಳಿಗಳು ಇರುವಲ್ಲಿ ಜಗಳ ಇಲ್ಲದಿರುವುದು ಹೇಗೆ? ಆದರೆ ಮನೆಯಿಲ್ಲ ಎಂದು ಯಾರೂ ಅತ್ತದ್ದಿಲ್ಲ.

ಪೊಟರೆಗಳನ್ನು ಮಾಡುತ್ತಿದ್ದವನು ಕುಟ್ಟಜ್ಜ ಎಂಬ ಮುದಿ ಮರಕುಟಿಗ. ಅವನು ವರ್ಷಕ್ಕೊಂದು ಹೊಸ ಪೊಟರೆ ಕೊರೆದು, ಹಳೆಯದನ್ನು ಬಿಟ್ಟು ಹೋಗುತ್ತಿದ್ದ. ಬಿಟ್ಟದ್ದರಲ್ಲಿ ಬೇಕಾದವರು ಬಂದು ಇರುತ್ತಿದ್ದರು. ಅವರ ಮರಿಗಳು ಹಾರಿದ ಮೇಲೆ ಇನ್ನೊಬ್ಬರು ಬರುತ್ತಿದ್ದರು. ಬಾಡಿಗೆ ಇರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ. ಪೊಟರೆಯಲ್ಲಿ ಇರುವವರು ದಿನಾ ಬೆಳಿಗ್ಗೆ ತಿಂಡಿಗೆ ಹೋಗುವ ಮೊದಲು ಬಾಗಿಲಿನ ಅಂಚನ್ನು ಕೊಕ್ಕಿನಿಂದಲೋ ಹಲ್ಲಿನಿಂದಲೋ ಒಂದಿಷ್ಟು ಕೆತ್ತಬೇಕು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಅಮ್ಮ ಕೆತ್ತುತ್ತಿದ್ದರು, ಇವರೂ ಕೆತ್ತುತ್ತಿದ್ದರು.

ಈ ತೋಪಿನಲ್ಲಿ ಕೊಂಬಣ್ಣ ಎಂಬ ಮಂಗಟ್ಟೆ ಹಕ್ಕಿ ಇದ್ದ. ಉದ್ದ ಕೊಕ್ಕು, ಅದರ ಮೇಲೊಂದು ಕೊಂಬು, ನಡೆಯಲ್ಲಿ ಗತ್ತು. ಅವನ ಹೆಂಡತಿಯ ಹೆಸರು ಬೂದವ್ವ. ಮಂಗಟ್ಟೆಗಳಲ್ಲಿ ಒಂದು ಚೆಂದದ ಪದ್ಧತಿಯಿದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ತೂರುವಷ್ಟು ಸಂದು ಮಾತ್ರ ಬಿಟ್ಟಿರುತ್ತದೆ. ಗಂಡು ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಆ ಸಂದಿನಿಂದ ಉಣಿಸುತ್ತದೆ. ಕೊಂಬಣ್ಣ ಈ ಕೆಲಸದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಸುತ್ತಲಿನ ಯಾವ ಆಲ ಯಾವಾಗ ಹಣ್ಣಾಗುತ್ತದೆ, ಯಾವ ಅತ್ತಿ ಎಂದು ಮಾಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನ ಹತ್ತಿರ ಹಣ್ಣಿಗೆ ಬರ ಎಂಬುದೇ ಇರಲಿಲ್ಲ.

ಆ ವರ್ಷ ಕೊಂಬಣ್ಣನ ಮರಿಗಳು ಹಾರಿಹೋದ ಮೇಲೆ ಇಂಪಯ್ಯ ಬಂದ. ಇಂಪಯ್ಯ ಎಂದರೆ ಕೋಗಿಲೆ. ಅವನ ದನಿ ಎಷ್ಟು ಇಂಪೆಂದರೆ ಅವನು ಏನು ಹೇಳಿದರೂ ನಿಜವೆನ್ನಿಸುತ್ತಿತ್ತು. ಅದೇ ಬಂದ ತೊಂದರೆ.

"ಕೊಂಬಣ್ಣನವರೇ, ನಿಮ್ಮ ಹತ್ರ ಇಷ್ಟೊಂದು ಹಣ್ಣಿದೆ. ತಿಂದು ಮುಗಿಸೋದೇನಾ? ಪೊಟರೆ ಕೊಂಡು ಹಾಕಿ" ಎಂದ.

"ನಂಗೊಂದಿದೆಯಲ್ಲಪ್ಪ, ಮತ್ತಿ ಮರದ್ದು."

"ಇರೋಕೆ ಒಂದು ಸಾಕು. ನಾನು ಹೇಳ್ತಿರೋದು ಇಟ್ಕೊಳ್ಳೋಕೆ. ಪೊಟರೆ ಕೊರೆಯೋನು ಕುಟ್ಟಜ್ಜ ಒಬ್ಬ. ಮೊಟ್ಟೆ ಇಡೋರು ಇಡೀ ತೋಪಿನವರು. ಇವತ್ತು ಎರಡು ಗುಕ್ಕು ಹಣ್ಣಿಗೆ ಸಿಗೋ ಪೊಟರೆ ಮುಂದಿನ ಬೇಸಿಗೆಗೆ ಹತ್ತು ಗುಕ್ಕಿಗೂ ಸಿಗಲ್ಲ. ಸುಮ್ನೆ ಮುಚ್ಚಿಡಿ, ಅಷ್ಟೇ."

"ನೀನೆಷ್ಟು ಕೊಂಡಿದ್ದೀಯ, ಇಂಪಯ್ಯ?"

"ನಾನಾ? ನಮ್ಮ ವಂಶದಲ್ಲೇ ಯಾರೂ ಮನೆ ಮಾಡಿದೋರಲ್ಲ. ನಮ್ಮ ಮಕ್ಕಳೆಲ್ಲ ಕಾಗೆ ಮನೇಲೇ ಬೆಳೆಯೋದು. ಅದಕ್ಕೇ ನೋಡಿ, ಮನೆ ವಿಷಯದಲ್ಲಿ ನಂಗೆ ಪಕ್ಷಪಾತ ಇಲ್ಲ."

ಕೊಂಬಣ್ಣನಿಗೆ ಈ ಮಾತು ಬಹಳ ನ್ಯಾಯವಾಗಿ ಕಂಡಿತು. ಅವನು ತಲೆದೂಗಿದ. ಇಂಪಯ್ಯ ಸಲಹೆ ಕೊಟ್ಟದ್ದಕ್ಕೆಂದು ತನ್ನ ಪಾಲಿನ ಎರಡು ಹಣ್ಣು ತಿಂದು ಕೊಕ್ಕು ಒರೆಸಿಕೊಂಡ.

ಮರುದಿನದಿಂದ ವ್ಯಾಪಾರ ಶುರುವಾಯಿತು. ಮೊದಲು ಮಾರಿದವಳು ಗಿಳಿ ಪಚ್ಚಮ್ಮ. "ಬರೀ ತೂತಿಗೆ ಮೂರು ಗುಕ್ಕು ಆಲದ ಹಣ್ಣು ಕೊಟ್ಟ, ಪೆದ್ದ" ಎಂದು ಅವಳು ಸಂಜೆಯವರೆಗೂ ನಕ್ಕಳು. ಅವಳು ನಕ್ಕದ್ದು ಕೇಳಿ ಹಾಲಕ್ಕಿ ಮಾರಿತು, ಅಳಿಲು ಮಾರಿತು. ಮನೆ ಬೇಕಾದಾಗ ಇನ್ನೊಂದು ಸಿಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಯಾವಾಗಲೂ ಸಿಗುತ್ತಿತ್ತಲ್ಲ.

ಮನೆ ಸಾಲದು ಎಂಬ ಮಾತು ಕೇಳಿ ಕುಟ್ಟಜ್ಜ ಮೈಮುರಿದು ಕೆಲಸಕ್ಕೆ ನಿಂತ. ವರ್ಷಕ್ಕೊಂದು ಕೊರೆಯುತ್ತಿದ್ದವನು ಆರು ಕೊರೆದ. ಹೊಟ್ಟು ನೆಲಕ್ಕೆ ಬೀಳುವ ಮೊದಲೇ ಇಂಪಯ್ಯ ಅಲ್ಲಿ ಹಾಜರಿರುತ್ತಿದ್ದ. ಆರೂ ಕೊಂಬಣ್ಣನ ಪಾಲಾದವು. ಅಂತೂ ತೋಪಿನಲ್ಲಿ ಮನೆಗಳು ಹೆಚ್ಚಾದವು, ಮನೆಯಿದ್ದವರು ಕಡಿಮೆಯಾದರು.

ಕೊಂಬಣ್ಣನಿಗೆ ಸಿಗದೆ ಉಳಿದದ್ದು ಕೆರೆಯ ಕಡೆ ಬಾಗಿದ್ದ ಒಂದು ಬೂರುಗದ ಪೊಟರೆ. ಅದರಲ್ಲಿ ಜೇನುಗಳಿದ್ದವು. ಬೆಲೆ ಮಾತಾಡಲು ಇಂಪಯ್ಯ ಅಲ್ಲಿಗೆ ಒಮ್ಮೆ ಹೋಗಿದ್ದ. ಎರಡನೆಯ ಸಲ ಹೋಗಲಿಲ್ಲ. ಒಂದು ವಾರ ಅವನ ದನಿಯೂ ಅಷ್ಟೇನೂ ಇಂಪಾಗಿರಲಿಲ್ಲ.

ಹೀಗೆ ಮೂವತ್ತು ಪೊಟರೆಗಳಾದವು. ಬೇರೆಯವರು ನುಗ್ಗದಂತೆ ಕೊಂಬಣ್ಣ ಏನು ಮಾಡಿದ ಗೊತ್ತೇ? ತನ್ನ ಮನೆತನದ ಪದ್ಧತಿಯನ್ನೇ ಬೀಗ ಮಾಡಿಕೊಂಡ. ಕೆರೆಯಂಗಳದಿಂದ ಜೇಡಿಮಣ್ಣು ತಂದು ಪ್ರತಿ ಬಾಗಿಲಿಗೂ, ತನ್ನ ಮನೆಯದಕ್ಕೂ, ಹೊರಗಿನಿಂದ ಗಟ್ಟಿಯಾಗಿ ಮೆತ್ತಿದ. ಒಳಗೆ ಹೆಂಡತಿಯಿಲ್ಲ, ಮೊಟ್ಟೆಯಿಲ್ಲ, ಉಣಿಸಲು ಯಾರೂ ಇಲ್ಲ. ಹಾಗಾಗಿ ಸಂದನ್ನೂ ಬಿಡಲಿಲ್ಲ.

ಕುಟ್ಟಜ್ಜ ನೋಡಿ ಹೇಳಿದ, "ಬಾಗಿಲು ಕೆತ್ತೋರು ಯಾರೂ ಇಲ್ಲವಲ್ಲೋ, ಕೊಂಬಣ್ಣ."

"ಕೆತ್ತಿದ್ರೆ ಸವೆಯುತ್ತೆ, ಅಜ್ಜ. ಹೊಸದಾಗಿದ್ರೇ ಬೆಲೆ."

ಕುಟ್ಟಜ್ಜ ಇರುವೆ ಹುಡುಕುತ್ತಾ ಪಕ್ಕದ ಮರಕ್ಕೆ ಹೋದ.

ಮಳೆಗಾಲ ಬಂತು. ಕೊಂಬಣ್ಣ ಮತ್ತು ಬೂದವ್ವ ಹಿಪ್ಪೆಯ ಕೊಂಬೆಯ ಮೇಲೆ ಒದ್ದೆಯಾಗಿ ಕೂತಿದ್ದರು. ಬೂದವ್ವ ಸೀನುತ್ತಾ, "ನಮ್ಮ ಮತ್ತಿ ಮರದ ಪೊಟರೆಯನ್ನಾದ್ರೂ ತೆಗೀರಿ. ರೆಕ್ಕೆಯೆಲ್ಲ ನೀರು" ಎಂದಳು.

"ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಬೆಲೆ ಬಂದಿದೆ ಕಣೆ. ನಾವು ಹೋಗಿ ಕೂತ್ರೆ ಹಳತಾಗುತ್ತೆ. ತಡ್ಕೋ."

ಪಕ್ಕದ ಕೊಂಬೆಯಲ್ಲಿ ಪಚ್ಚಮ್ಮ ಮಕ್ಕಳೊಂದಿಗೆ ನೆನೆಯುತ್ತಿದ್ದಳು. ಅವಳು ಹೆಮ್ಮೆಯಿಂದ, "ನಮ್ಮ ಪೊಟರೆಗೆ ಈಗ ಎಂಟು ಗುಕ್ಕಂತೆ, ಬೂದಕ್ಕ" ಎಂದಳು. ಮಾರಿದ ಮನೆಯ ಬೆಲೆ ಏರಿದರೆ ಇವಳಿಗೇನು ಬಂತು? ನನಗೂ ತಿಳಿಯದು. ಆದರೂ ಅವಳ ಮುಖ ಅರಳಿತ್ತು.

ಬೇಸಿಗೆ ಬಂತು. ಎಲ್ಲರಿಗೂ ಮೊಟ್ಟೆಯಿಡುವ ಕಾಲ. ಗೊರವಂಕ ನಿಂಗ ಮತ್ತು ಅವನ ಹೆಂಡತಿ ತುಂಗಿ ಆಗಷ್ಟೇ ಜೊತೆಯಾದವರು. ತುಂಗಿ ಇನ್ನು ನಾಲ್ಕು ದಿನದಲ್ಲಿ ಮೊಟ್ಟೆಯಿಡುವವಳಿದ್ದಳು. ಗೊರವಂಕಗಳಿಗೆ ಮರ ಕೊರೆಯಲು ಬರುವುದಿಲ್ಲ, ಯಾರೋ ಬಿಟ್ಟ ಪೊಟರೆಯೇ ಅವಕ್ಕೆ ಗತಿ. ಇಬ್ಬರೂ ಕೊಂಬಣ್ಣನ ಬಳಿ ಬಂದರು.

"ಕೊಂಬಣ್ಣ, ಒಂದು ಪೊಟರೆ ಬೇಕಿತ್ತು. ಚಿಕ್ಕದಾದ್ರೂ ಸಾಕು" ಎಂದ ನಿಂಗ.

"ಧಾರಾಳವಾಗಿ ತಗೋ. ಹನ್ನೆರಡು ಗುಕ್ಕು ಹಣ್ಣು."

ನಿಂಗ ಹೆಂಡತಿಯ ಮುಖ ನೋಡಿದ. ಗೊರವಂಕದ ಕೊಕ್ಕು ಎಷ್ಟಿರುತ್ತದೆ? ಮಂಗಟ್ಟೆಯ ಒಂದು ಗುಕ್ಕು ತುಂಬಲು ಅವನು ಅರ್ಧ ದಿನ ಹಾರಬೇಕು.

"ಅಷ್ಟು ತರೋ ಹೊತ್ತಿಗೆ ಮರಿಗಳು ಅಜ್ಜಂದಿರಾಗಿರ್ತಾವೆ, ಅಣ್ಣ. ಆ ಮತ್ತಿ ಮರದಲ್ಲಿ ನಾಲ್ಕಿವೆಯಲ್ಲ, ಅದರಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಮರಿ ಹಾರೋವರೆಗೆ ಇದ್ದು ಬಿಟ್ಟುಕೊಡ್ತೀವಿ. ದಿನಾ ಬಾಗಿಲು ಕೆತ್ತಿ ಚೊಕ್ಕಟವಾಗಿ ಇಡ್ತೀವಿ."

"ಯಾರಾದ್ರೂ ಇದ್ರೆ ಹಳತಾಗುತ್ತಪ್ಪ. ನಿಂಗೆ ವ್ಯವಹಾರ ಗೊತ್ತಾಗಲ್ಲ" ಎಂದು ಕೊಂಬಣ್ಣ ಪ್ರೀತಿಯಿಂದಲೇ ಹೇಳಿದ. ಅವನು ಕೆಟ್ಟವನಾಗಿರಲಿಲ್ಲ, ಮಕ್ಕಳೇ. ಹೋಗುವಾಗ ತುಂಗಿಗೆ ಒಂದು ಅತ್ತಿಹಣ್ಣನ್ನೂ ಕೊಟ್ಟ. ಮನೆ ಮಾತ್ರ ಕೊಡಲಿಲ್ಲ.

ಬೇರೆ ದಾರಿಯಿಲ್ಲದೆ ತುಂಗಿ ಒಂದು ಮುರಿದ ಈಚಲ ಮರದ ಮೋಟಿನಲ್ಲಿ ಹುಲ್ಲು ಹಾಸಿಕೊಂಡಳು. ಮೇಕೆ ಕತ್ತು ಚಾಚಿದರೆ ಒಳಗೆ ಇಣುಕಬಹುದು, ಅಷ್ಟೇ ಎತ್ತರ. ಅಲ್ಲಿ ಮೂರು ತಿಳಿನೀಲಿ ಮೊಟ್ಟೆಗಳನ್ನಿಟ್ಟಳು. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಪೊದೆಯಿಂದ ಒಂದು ಉಡ ನಿಧಾನವಾಗಿ ಬಂತು. ನಿಂಗ ಅದರ ತಲೆಗೆ ಕುಕ್ಕಿದ, ತುಂಗಿ ಕಣ್ಣಿಗೆ ಕುಕ್ಕಲು ಹೋದಳು. ಉಡಕ್ಕೆ ಅದೊಂದು ಲೆಕ್ಕವೇ? ಅದು ಮೋಟಿನೊಳಗೆ ಮೂತಿ ಇಟ್ಟು, ಮೂರನ್ನೂ ನುಂಗಿ, ಬಂದ ಹಾಗೆಯೇ ಹೋಯಿತು.

ತುಂಗಿ ಆ ಮೋಟಿನ ಅಂಚಿನಲ್ಲಿ ಕತ್ತಲಾಗುವವರೆಗೂ ಕೂತಿದ್ದಳು. ಎದುರಿಗೇ ಮತ್ತಿ ಮರವಿತ್ತು. ಅದರ ನಾಲ್ಕು ಪೊಟರೆಗಳೂ ಖಾಲಿಯಿದ್ದವು. ಕತೆಯ ಈ ಭಾಗ ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ಮರುದಿನ ಇಂಪಯ್ಯ ಮಾತಾಡಿಸಲು ಬಂದ. "ಪಾಪ. ಜಾಗ ಆರಿಸುವಾಗ ಸ್ವಲ್ಪ ನೋಡ್ಕೋಬೇಕಿತ್ತು" ಎಂದು ಬಹಳ ಇಂಪಾಗಿ ಹೇಳಿ ಹೋದ.

ಆ ವರ್ಷ ಬೂದವ್ವನೂ ಮೊಟ್ಟೆಯಿಡಲಿಲ್ಲ. "ಬೆಲೆ ಏರೋ ವರ್ಷ, ಈಗ ಬೇಡ" ಎಂದಿದ್ದ ಕೊಂಬಣ್ಣ. ತೋಪಿನಲ್ಲಿ ಆ ಬೇಸಿಗೆ ಮರಿಗಳ ಕಿಚಿಪಿಚಿಯೇ ಕೇಳಲಿಲ್ಲ. "ಎಷ್ಟು ಪ್ರಶಾಂತವಾಗಿದೆ, ಇದರಿಂದಲೂ ಬೆಲೆ ಏರುತ್ತೆ" ಎಂದ ಇಂಪಯ್ಯ.

ಇನ್ನೊಂದು ಮಳೆಗಾಲ ಕಳೆಯಿತು. ಜೇನುಗಳು ಬೂರುಗದ ಪೊಟರೆ ಬಿಟ್ಟು ಎತ್ತಲೋ ಹೋದವು. ಇಂಪಯ್ಯ ದೂರದಿಂದಲೇ ನೋಡಿ, "ಬಾಯಿ ದೊಡ್ಡದು, ಮೇಣದ ವಾಸನೆ, ಮರ ನೀರಿಗೆ ಬಾಗಿದೆ, ಬೇಡ" ಎಂದುಬಿಟ್ಟ. ಅದೇ ದಿನ ನಿಂಗ ಮತ್ತು ತುಂಗಿ ಅಲ್ಲಿ ಸೇರಿಕೊಂಡರು. ತುಂಗಿ ದಿನಾ ಬೆಳಿಗ್ಗೆ ಎದ್ದು ಬಾಗಿಲಿನ ಅಂಚನ್ನು ಸುತ್ತಲೂ ಕೆತ್ತುತ್ತಿದ್ದಳು. ಗಂಡ ಹಸಿದು ಕೂಗಿದರೂ ಅದನ್ನು ಮುಗಿಸಿಯೇ ಬರುತ್ತಿದ್ದಳು.

ಮತ್ತೆ ಬೇಸಿಗೆ ಬಂತು. ಈ ಸಲ ಬೂದವ್ವ ಗಂಡನ ಮುಂದೆ ಬಂದು ಕೂತಳು.

"ನೋಡಿ, ನನ್ನ ಹೊಟ್ಟೇಲಿ ಮೊಟ್ಟೆ ಬಲೀತಿದೆ. ಬೆಲೆ ಏರಲಿ, ಇಳೀಲಿ. ನನಗೊಂದು ಪೊಟರೆ ಬೇಕು."

ಅವಳ ದನಿ ಕೇಳಿ ಕೊಂಬಣ್ಣ ಒಪ್ಪಿದ. ಮನಸ್ಸಿನಲ್ಲೇ ಮೂವತ್ತನ್ನೂ ನೆನೆದು, ಎಲ್ಲಕ್ಕಿಂತ ಅಗ್ಗದ್ದು ಮಾವಿನ ಮರದ್ದು ಎಂದು ತೀರ್ಮಾನಿಸಿದ. ಅಲ್ಲಿಗೆ ಹೋಗಿ ಕೊಕ್ಕಿನಿಂದ ಮಣ್ಣನ್ನು ಕುಟ್ಟಿದ. ಮಣ್ಣು ಉದುರಿತು. ಹಿಂದೆ ಬಾಗಿಲಿರಲಿಲ್ಲ. ಮರವಿತ್ತು.

"ಎಲ್ಲೋ ಜಾಗ ತಪ್ಪಿದೆ" ಎಂದ ಕೊಂಬಣ್ಣ. ಹಿಪ್ಪೆ ಮರಕ್ಕೆ ಹೋದ. ಅಲ್ಲೂ ಮಣ್ಣಿನ ಹಿಂದೆ ಹಸಿ ತೊಗಟೆ ತುಟಿ ಬಿಗಿದ ಹಾಗೆ ಕೂಡಿಕೊಂಡಿತ್ತು. ಮೂರನೆಯದೂ ಹಾಗೆಯೇ, ನಾಲ್ಕನೆಯದೂ ಹಾಗೆಯೇ. ಹತ್ತನೆಯದಕ್ಕೆ ಬರುವ ಹೊತ್ತಿಗೆ ಪಚ್ಚಮ್ಮ, ಅಳಿಲು, ಹಾಲಕ್ಕಿ ಎಲ್ಲ ನೋಡಲು ಸೇರಿದ್ದರು. ಕೊನೆಗೆ ತನ್ನ ಹಳೆಯ ಮನೆಯಿದ್ದ ಮತ್ತಿ ಮರಕ್ಕೆ ಹೋದ. ಅಲ್ಲಿ ಒಂದು ಬೆರಳು ತೂರುವಷ್ಟು ಸಂದು ಉಳಿದಿತ್ತು. ಕೊಂಬಣ್ಣ ಅದರೊಳಗೆ ಒಂದು ಕಣ್ಣಿಟ್ಟು ನೋಡಿದ. ಒಳಗೆ ಜಾಗ ಬೇಕಾದಷ್ಟಿತ್ತು.

ಅವನು ಕುಟ್ಟಜ್ಜನಲ್ಲಿಗೆ ಓಡಿದ. ಅಜ್ಜ ಬಂದು, ತೊಗಟೆಗೆ ಕಿವಿಯಿಟ್ಟು, ಎರಡು ಸಲ ಕುಟ್ಟಿ ನೋಡಿದ.

"ಮರದ ಲೆಕ್ಕದಲ್ಲಿ ಪೊಟರೆ ಅಂದ್ರೆ ಒಂದು ಗಾಯ, ಕೊಂಬಣ್ಣ. ಬಿಟ್ರೆ ಮಾಯಿಸಿಕೊಳ್ಳುತ್ತೆ. ಒಳಗಿರೋರು ದಿನಾ ಕೆತ್ತುತ್ತಿದ್ರಲ್ಲ, ಅದಕ್ಕೇ ಅದು ಇಷ್ಟು ಕಾಲ ಬಾಗಿಲಾಗಿತ್ತು."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ನಂಗೂ ಈಗಲೇ ಗೊತ್ತಾಗಿದ್ದು. ಖಾಲಿ ಇಟ್ಟು ನೋಡಿದೋರು ಹಿಂದೆ ಯಾರೂ ಇರಲಿಲ್ಲವಲ್ಲ."

"ಹೋಗ್ಲಿ, ಒಂದನ್ನ ಬಿಡಿಸಿಕೊಡು. ಎಷ್ಟು ಹಣ್ಣು ಬೇಕಾದ್ರೂ ಕೊಡ್ತೀನಿ."

"ನಾನು ಇರುವೆ ತಿನ್ನೋನು, ಹಣ್ಣು ಯಾಕೆ? ನಿನಗಾಗಿ ಆರು ಕೊರೆದು ನನ್ನ ಕೊಕ್ಕು ಮೊಂಡಾಗಿದೆ. ಇದು ಹಸಿ ಮರ. ಎರಡು ತಿಂಗಳಾದ್ರೂ ಬೇಕು."

ಬೂದವ್ವನಿಗೆ ಎರಡು ತಿಂಗಳಿರಲಿಲ್ಲ. ಅವಳು ಕೊಂಬೆಯ ಮೇಲೆ ತಲೆತಗ್ಗಿಸಿ ಕೂತಳು. ಕೊಂಬಣ್ಣನಿಗೆ ಮೊದಲ ಸಲ ಭಯವಾಯಿತು. ಮೂವತ್ತು ಮನೆ ಕೊಂಡವನ ಹೆಂಡತಿ ಮೊಟ್ಟೆಯನ್ನು ಎಲ್ಲಿಡಬೇಕು? ಈಚಲ ಮರದ ಮೋಟು ಅವನ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಇಂಪಯ್ಯ ಹಾರಿ ಬಂದ. ಅವನ ಮುಖದಲ್ಲಿ ಸಂಭ್ರಮ.

"ಶುಭಾಶಯ, ಕೊಂಬಣ್ಣನವರೇ. ತೋಪಿನಲ್ಲಿ ಈಗ ಪೊಟರೆಗಳೇ ಇಲ್ಲ. ಇಲ್ಲದ ವಸ್ತುವಿಗೆ ಬೆಲೆ ಎಷ್ಟಿರುತ್ತೆ ಯೋಚಿಸಿ. ಇಪ್ಪತ್ತು ಗುಕ್ಕಿಗೆ ಒಂದು ಹಣ್ಣು ಕಡಿಮೆಗೂ ಕೊಡಬೇಡಿ."

"ಕೊಡೋದು ಏನನ್ನ?" ಎಂದು ಕೊಂಬಣ್ಣ ಕೇಳಿದ.

"ಅದು ನಿಮಗೆ ಬಿಟ್ಟದ್ದು" ಎಂದು ಇಂಪಯ್ಯ ಪಕ್ಕದ ತೋಪಿನ ಕಡೆ ಹಾರಿದ. ಅಲ್ಲಿ ಯಾರೋ ಒಬ್ಬ ಮಂಗಟ್ಟೆಗೆ ಹಣ್ಣು ಹೆಚ್ಚಾಗಿದೆ ಎಂದು ಅವನಿಗೆ ಸುದ್ದಿ ಬಂದಿತ್ತು.

ಇನ್ನು ಉಳಿದದ್ದು ಒಂದೇ ಬಾಗಿಲು. ಕೊಂಬಣ್ಣ ಬೂರುಗದ ಮರಕ್ಕೆ ಹೋದ. ಒಳಗೆ ತುಂಗಿಯ ಮರಿಗಳು ಗಂಟಲು ಹರಿಯುವಂತೆ ಕೂಗುತ್ತಿದ್ದವು. ತುಂಗಿ ಅಂಚು ಕೆತ್ತುತ್ತಾ ಬಾಗಿಲಲ್ಲಿ ಕೂತಿದ್ದಳು. ನಿಂಗ ಮೇಲಿನ ಕೊಂಬೆಯಲ್ಲಿದ್ದ.

"ನಿಂಗಣ್ಣ, ಒಂದು ಪೊಟರೆ ಬೇಕಿತ್ತು" ಎಂದ ಕೊಂಬಣ್ಣ. ಅವನು ಯಾರನ್ನಾದರೂ ಅಣ್ಣ ಎಂದು ಕರೆದದ್ದು ಅದೇ ಮೊದಲು.

"ಇದ್ರಲ್ಲಿ ನಾವಿದ್ದು ಇದು ಹಳತಾಗಿದೆಯಲ್ಲಪ್ಪ. ನಿನಗೆ ಆಗುತ್ತಾ?" ಎಂದ ನಿಂಗ.

ತುಂಗಿ ಕೆತ್ತುವುದನ್ನು ಪೂರ್ತಿ ಮುಗಿಸಿ, ಕೊಕ್ಕು ಒರೆಸಿಕೊಂಡು ಹೇಳಿದಳು.

"ನನ್ನ ಮೂರು ಮೊಟ್ಟೆ ನಾನು ಮರೆತಿಲ್ಲ. ನೀನು ಒಂದು ಅತ್ತಿಹಣ್ಣು ಕೊಟ್ಟದ್ದೂ ನೆನಪಿದೆ. ನನ್ನ ಮರಿಗಳು ಇನ್ನು ಹದಿನೈದು ದಿನಕ್ಕೆ ಹಾರುತ್ತವೆ. ಆಮೇಲೆ ಬೂದಕ್ಕ ಬರಲಿ. ನಿನಗಲ್ಲ, ಅವಳಿಗೆ."

"ಬೆಲೆ?" ಎಂದ ಕೊಂಬಣ್ಣ. ಅಭ್ಯಾಸ ನೋಡಿ, ಬಾಯಿಗೆ ಬಂದೇಬಿಟ್ಟಿತು.

"ಇದೆ. ಎಲ್ಲರೂ ಕೊಡುತ್ತಿದ್ದದ್ದೇ. ದಿನಾ ಬೆಳಿಗ್ಗೆ ಬಾಗಿಲು ಕೆತ್ತಬೇಕು. ಮರಿ ಹಾರಿದ ದಿನ ಬಿಡಬೇಕು."

ಬೂದವ್ವ ಹದಿನೈದು ದಿನ ಹೇಗೋ ತಡೆದಳು. ಹದಿನಾರನೆಯ ದಿನ ಬೂರುಗದೊಳಗೆ ಹೋಗಿ, ಒಳಗಿನಿಂದ ಮಣ್ಣು ಮೆತ್ತಿ, ಸಂದು ಬಿಟ್ಟುಕೊಂಡಳು. ಕೊಂಬಣ್ಣ ಹೊರಗೆ ಅಂಚು ಕೆತ್ತಿ ಆಮೇಲೆ ಹಣ್ಣಿಗೆ ಹೋಗುತ್ತಿದ್ದ. ಮೊದಲ ದಿನ ಅವನು ಸಂದಿನ ಬಳಿ ಬಗ್ಗಿ, "ಬೇಜಾರು ಮಾಡ್ಕೋಬೇಡ. ಆ ಮೂವತ್ತೂ ಈಗಲೂ ನಮ್ಮವೇ" ಎಂದ.

ಒಳಗಿನಿಂದ ಬೂದವ್ವನ ದನಿ ಬಂತು. "ಹಣ್ಣು ಕೊಡಿ."

ಎರಡು ಮರಿಗಳಾದವು. ಅವು ಹಾರಿದ ದಿನವೇ ಬೂದವ್ವ ಪೊಟರೆ ಬಿಟ್ಟುಕೊಟ್ಟಳು. ಸಂಜೆಗೆ ಹಾಲಕ್ಕಿಯ ಸಂಸಾರ ಅಲ್ಲಿ ಸೇರಿತು. ಒಂದು ಬಾಗಿಲು, ಸರದಿಯಲ್ಲಿ ಕಾಯುವವರು ಹದಿನೇಳು ಜನ. ಕುಟ್ಟಜ್ಜ ಮೊಂಡು ಕೊಕ್ಕಿನಲ್ಲೇ ಮತ್ತೆ ಹೊಸದೊಂದನ್ನು ಕುಟ್ಟಲು ಶುರುಮಾಡಿದ.

ನೀವು ಯಾವುದಾದರೂ ಹಳೆಯ ತೋಪಿಗೆ ಹೋದರೆ ಮರಗಳ ಮೈಯನ್ನು ನೋಡಿ. ಅಲ್ಲಲ್ಲಿ ತುಟಿ ಮುಚ್ಚಿದ ಬಾಯಿಯಂಥ ಗಂಟುಗಳಿರುತ್ತವೆ. ಅಂಥದೊಂದರ ಎದುರು ಒಬ್ಬ ಮುದಿ ಮಂಗಟ್ಟೆ ಕೂತು ತಲೆಯಾಡಿಸುತ್ತಾ ಕೂಗುತ್ತಿರಬಹುದು. ಹಾಡುತ್ತಿದ್ದಾನೆ ಎಂದು ದೊಡ್ಡವರು ಹೇಳುತ್ತಾರೆ. ನನಗೆ ಮಾತ್ರ ಅವನು ಬೆಲೆ ಹೇಳುತ್ತಿದ್ದಾನೆ ಎನ್ನಿಸುತ್ತದೆ.

ನೀತಿ: ಇರುವವರಿದ್ದರೆ ಮಾತ್ರ ಮನೆಗೆ ಬಾಗಿಲು, ಬೆಲೆ ಏರಲೆಂದು ಖಾಲಿ ಇಟ್ಟ ಮನೆ ಬೇಕಾದವರಿಗೂ ದಕ್ಕದು, ಇಟ್ಟವನಿಗೂ ದಕ್ಕದು.